4364 ಎಂಬ ಶನಿ

ಲಾರಿಯ ಡ್ಯಾಶ್‌ಬೋರ್ಡಿನಲ್ಲಿ 4364 ಅಂತ ಮೂಡಿದಾಗ ನಮ್ಮ ಮಾವ ಮೊದಲು ಮಾಡಿದ್ದು ಅಂಕೆಗಳನ್ನು ಕೂಡಿದ್ದು. ನಾಲ್ಕು, ಮೂರು, ಆರು, ನಾಲ್ಕು ಸೇರಿ ಹದಿನೇಳು. ಒಂದು, ಏಳು ಸೇರಿ ಎಂಟು. ಎಂಟು ಅಂದರೆ ಶನಿ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ, ಬಂಪರಿಗೆ ಹೊಸ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿ, ಆಮೇಲೆ ದಾವಣಗೆರೆ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಹೋದರು. ಈ ಕ್ರಮದಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಗ್ಯಾರೇಜಿಗಿಂತ ಎಳ್ಳೆಣ್ಣೆ ಅಗ್ಗ.

ಅವರ ಹಳೆಯ ಲಾರಿಗೆ ಈ ಅಂಕೆಗಳ ಗೊಡವೆಯೇ ಇರಲಿಲ್ಲ. ಅದಕ್ಕೆ ಮೈ ಸರಿಯಿಲ್ಲದಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ, “ಮೂರನೇದು” ಅನ್ನುತ್ತಿದ್ದರು. ಬಿಚ್ಚಿದರೆ ಮೂರನೆಯ ಸಿಲಿಂಡರೇ.

2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂತು. ಈಗ ಮೇಸ್ತ್ರಿಯ ಮಗ ಲ್ಯಾಪ್‌ಟಾಪಿನ ವೈರನ್ನು ಲಾರಿಗೆ ಚುಚ್ಚುತ್ತಾನೆ. ಅಪ್ಪ ಹಿಂದೆ ಕೈಕಟ್ಟಿ ನಿಂತಿರುತ್ತಾರೆ.

“ಎಸ್‌ಪಿಎನ್ 4364, ಎಫ್‌ಎಂಐ 18,” ಎಂದು ಓದಿದ ಹುಡುಗ, “ಎಸ್‌ಸಿಆರ್ ಎಫಿಶಿಯನ್ಸಿ ಕಡಿಮಿ ಐತಿ ಯಜಮಾನ್ರೇ,” ಎಂದ.

ಮಾವ ನನ್ನ ಮುಖ ನೋಡಿದರು. ಡಿಗ್ರಿ ಓದಿದ ಅಳಿಯನನ್ನು ಜೊತೆಗೆ ಕರೆದೊಯ್ಯುವುದೇ ಇಂಥ ಹೊತ್ತಿಗೆ.

ವಿಷಯ ಇಷ್ಟೇ. ಡೀಸೆಲ್ ಉರಿದಾಗ ಸಾರಜನಕದ ಆಕ್ಸೈಡುಗಳೆಂಬ ಕೆಟ್ಟ ಅನಿಲ ಹುಟ್ಟುತ್ತದೆ. ಬಿಸಿ ಹೊಗೆಗೆ ಯೂರಿಯಾ ನೀರನ್ನು ಸಿಂಪಡಿಸಿದರೆ ಅದು ಅಮೋನಿಯಾ ಆಗಿ, ಮುಂದಿನ ಎಸ್‌ಸಿಆರ್ ಡಬ್ಬಿಯಲ್ಲಿ ಆ ಅನಿಲವನ್ನು ಬರಿಯ ಸಾರಜನಕ ಮತ್ತು ನೀರಾಗಿ ಮಾಡುತ್ತದೆ. ಡಬ್ಬಿಯ ಹಿಂದೊಂದು ಮುಂದೊಂದು ಸೆನ್ಸರ್ ಕೂತು ಅನಿಲ ಎಷ್ಟು ಬಂತು, ಎಷ್ಟು ಹೋಯಿತು ಎಂದು ತಾಳೆ ನೋಡುತ್ತವೆ. ತಾಳೆಯಾಗದಿದ್ದರೆ 4364. ಇದು “ನಿಮ್ಮ ಮನೆ ಕಡೆಯಿಂದ ಏನೋ ವಾಸನೆ ಬರ್ತಿದೆ” ಎನ್ನುವ ಪಕ್ಕದ ಮನೆಯವರ ದೂರಿನ ಹಾಗೆ. ದೂರು ಸುಳ್ಳಲ್ಲ. ಆದರೆ ಸತ್ತ ಇಲಿ ಯಾವ ಅಟ್ಟದ ಮೇಲಿದೆ ಅಂತ ಅವರು ಹೇಳುವುದಿಲ್ಲ.

ಹುಡುಗ ಕೋಡ್ ಅಳಿಸಿದ. ಡ್ಯಾಶ್‌ಬೋರ್ಡಿನ ದೀಪ ಆರಿತು. ಮಾವ ಶನಿಮಹಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದರು. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ದೀಪ ಮತ್ತೆ ಹೊತ್ತಿತು. ಅದರ ಗುಣವೇ ಹಾಗಂತೆ: ಹೊಗೆ ಚೆನ್ನಾಗಿ ಕಾಯ್ದ ಮೇಲೆಯೇ ಲಾರಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸಾಧುವಾಗಿ ನಿಂತದ್ದು ಘಾಟಿಯಲ್ಲಿ ಬಾಯಿ ಬಿಡುತ್ತದೆ. ದಿನಗಟ್ಟಲೆ ಕಡೆಗಣಿಸಿದರೆ ಇಂಜಿನ್ ತನ್ನ ಶಕ್ತಿಯನ್ನು ತಾನೇ ಕಡಿತ ಮಾಡಿಕೊಳ್ಳುತ್ತದೆ. ಮಾವನ ಲಾರಿಯನ್ನು ಏರಿನಲ್ಲಿ ಸೈಕಲ್ಲಿನವರು ಹಿಂದೆ ಹಾಕತೊಡಗಿದರು.

ಸೆನ್ಸರ್ ಬದಲಾಯಿತು. ಅದರ ಬೆಲೆ ಕೇಳಿ ಮಾವ ಎರಡು ಹೊತ್ತು ಊಟ ಬಿಟ್ಟರು. ದೀಪ ಬಿಡಲಿಲ್ಲ. ವೈರುಗಳನ್ನು ಇಲಿ ಕಡಿದಿದೆಯೇ ನೋಡಿದ್ದಾಯಿತು, ಸೈಲೆನ್ಸರ್ ಪೈಪಿನಲ್ಲಿ ಎಲ್ಲಾದರೂ ಹೊಗೆ ಸೋರುತ್ತಿದೆಯೇ ಎಂದು ಹುಡುಕಿದ್ದಾಯಿತು. ಯೂರಿಯಾ ನೀರೇ ಕಲಬೆರಕೆಯೇನೋ ಎಂದು ಹುಡುಗ ರಿಫ್ರಾಕ್ಟೋಮೀಟರ್ ತಂದ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಗಾರರು ಹಣ್ಣಿನ ಸಿಹಿ ಅಳೆಯಲು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ ಜಾತಿಯ ಕೊಳವೆ. ಟ್ಯಾಂಕಿನಿಂದ ಎರಡು ಹನಿ ಹಾಕಿ ನೋಡಿದರೆ ಸರಿಯಾಗಿ 32.5 ಪರ್ಸೆಂಟ್. ಪುಸ್ತಕದಲ್ಲಿ ಬರೆದದ್ದೂ ಅಷ್ಟೇ. ಮಾವನ ಮುಖದಲ್ಲಿ ಆಗ ಒಂದು ಹೆಮ್ಮೆ ಮಿಂಚಿ ಮರೆಯಾಯಿತು. ಅದರ ಅರ್ಥ ಯಾರಿಗೂ ಆಗ ಹೊಳೆಯಲಿಲ್ಲ.

ಕೊನೆಗೆ ಹಳೆಯ ಮೇಸ್ತ್ರಿ ಮಗನನ್ನು ಪಕ್ಕಕ್ಕೆ ಸರಿಸಿ, ಸಿಂಪಡಿಸುವ ಇಂಜೆಕ್ಟರನ್ನೇ ಬಿಚ್ಚಿದರು. ಮೂತಿಯ ತುಂಬ ಬಿಳಿ ಗಟ್ಟಿ. ಬಿಸಿನೀರಿಗೆ ಹಾಕಿದರೆ ಯೂರಿಯಾದ ಹರಳು ಕರಗಬೇಕು. ಇದು ಅರ್ಧ ಕರಗಿತು; ಉಳಿದದ್ದು ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದ ಸುಣ್ಣದಂತೆ ಕೂತೇ ಇತ್ತು. ನೀರಿನ ಮೇಲೆ ತೆಳ್ಳನೆಯ ಜಿಡ್ಡು. ಮೇಸ್ತ್ರಿ ಮೂಗು ಹತ್ತಿರ ತಂದರು. ಇನ್ನೊಮ್ಮೆ ತಂದರು.

“ಯಜಮಾನ್ರೇ, ಇದು ಬೇವಿನ ವಾಸನಿ!”

ಮಾವ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡತೊಡಗಿದರು.

ಆಮೇಲೆ ಎಲ್ಲಾ ಹೊರಬಿತ್ತು. ಹಿಂದೆ ಟನ್ನುಗಟ್ಟಲೆ ಯೂರಿಯಾ ಹೊತ್ತ ಲಾರಿಯ ಕೆಳಗಿನ ಟ್ಯಾಂಕಿಗೆ ಯೂರಿಯಾ ನೀರಿನ 20 ಲೀಟರಿನ ಬಕೆಟ್ಟನ್ನು ದುಡ್ಡು ಕೊಟ್ಟು ತರುವುದು ಅವರ ಲೆಕ್ಕಕ್ಕೆ ಒಗ್ಗಿರಲಿಲ್ಲ. ಭತ್ತದ ಗದ್ದೆಗೆಂದು ತಂದ 45 ಕೆ.ಜಿ.ಯ ಚೀಲ ಮನೆಯಲ್ಲೇ ಇತ್ತು, ಬೆಲೆ ಮುನ್ನೂರಕ್ಕಿಂತ ಕಡಿಮೆ. ಬಕೆಟ್ಟಿಗೆ ಏಳು ಕೆ.ಜಿ., ಉಳಿದದ್ದು ಬೋರ್ ನೀರು. ತಕ್ಕಡಿಯಲ್ಲಿ ತೂಗಿ ಬೆರೆಸಿದವರು, ಪರ್ಸೆಂಟ್ ತಪ್ಪೀತು ಹೇಗೆ? ಕೊಳವೆಗೆ ಸಾಂದ್ರತೆ ಮಾತ್ರ ಗೊತ್ತು, ಸುಣ್ಣವೂ ಬೇವೂ ಗೊತ್ತಿಲ್ಲ. ಲಾರಿಗೆ ಬೇಕಿದ್ದದ್ದು ಲವಣ ತೆಗೆದ ನೀರು, ಶುದ್ಧ ಯೂರಿಯಾ. ಇನ್ನು ಸಬ್ಸಿಡಿಯ ಯೂರಿಯಾ ಗದ್ದೆ ಬಿಟ್ಟು ಕಾರ್ಖಾನೆಗಳ ಪಾಲಾಗದಿರಲಿ ಎಂಬುದು 2015ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಬೇವಿನೆಣ್ಣೆ ಕಡ್ಡಾಯ ಮಾಡಿದ್ದರ ಒಂದು ಉದ್ದೇಶ. ದೆಹಲಿಯವರು ಹಾಕಿದ ಆ ಬಲೆಗೆ ಕಾರ್ಖಾನೆಗಳು ಎಷ್ಟು ಬಿದ್ದವೋ, ನಮ್ಮ ಮಾವನಂತೂ ಸಲೀಸಾಗಿ ಬಿದ್ದಿದ್ದರು.

ಟ್ಯಾಂಕ್ ಬರಿದು ಮಾಡಿ, ತೊಳೆದು, ಫಿಲ್ಟರ್, ಇಂಜೆಕ್ಟರ್ ಎರಡನ್ನೂ ಬದಲಿಸಿ, ಸೀಲ್ ಒಡೆಯದ ಬಕೆಟ್ ಸುರಿದದ್ದಾಯಿತು. ಬಿಲ್ಲನ್ನು ಮಾವ ಮಡಚಿ ಜೇಬಿಗಿಟ್ಟುಕೊಂಡರು. ಅತ್ತೆಗೆ ತೋರಿಸಬಾರದೆಂದು ನನಗೆ ಕಣ್ಣಿನಲ್ಲೇ ಹೇಳಿದರು. ಆದರೆ ಅವರ ದೃಷ್ಟಿ ಟ್ಯಾಂಕಿನಿಂದ ತೆಗೆದು ಮೂಲೆಯಲ್ಲಿ ತುಂಬಿಟ್ಟಿದ್ದ ಕ್ಯಾನುಗಳ ಮೇಲೆಯೇ ಇತ್ತು.

“ಮೇಸ್ತ್ರಿ, ಇದನ್ನ ಚೆಲ್ಲೂದು ಯಾಕ? ಗದ್ದಿಗೆ ಸಿಂಪಡಿಸಿದ್ರ ಆಗ್ತತಿ ಅಲ್ಲಾ?”

“ಹಿಂಗೇ ಹೊಡದ್ರ ಭತ್ತ ಸುಟ್ಟುಹೊಕ್ಕತಿ. ಎಲಿಗೆ ಎರಡು ಪರ್ಸೆಂಟ್ ಸಾಕು.”

ಮಾವ ಫೋನ್ ತೆಗೆದು ಕ್ಯಾಲ್ಕುಲೇಟರ್ ಒತ್ತಿದರು. “ಅಳಿಯಾ, ಮೂವತ್ತೆರಡೂವರೆಯನ್ನ ಎರಡಕ್ಕ ಇಳಿಸ್ಬೇಕಂದ್ರ ಒಂದು ಕ್ಯಾನಿಗೆ ಎಷ್ಟು ಬೋರ್ ನೀರು ಹಿಡೀತತಿ ನೋಡು?”