ನಕ್ಷೆಯಲ್ಲಿದ್ದ ಮೈದಾನ

ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ, ರಾಗಿಯ ಹೊಲಗಳು ನಿವೇಶನಗಳಾಗಿಯೂ ನಿವೇಶನಗಳು ಗಗನಚುಂಬಿ ಸೌಧಗಳಾಗಿಯೂ ರೂಪಾಂತರ ಹೊಂದುತ್ತಿರುವ ನೂತನ ಬಡಾವಣೆಯೊಂದರಲ್ಲಿ, ನಕ್ಷೆಯ ಮೇಲೆ ಹಸುರು ಬಳಿದು ಗುರುತಿಸಿದ್ದ ಕ್ರೀಡಾಂಗಣವನ್ನು ಅರಸುತ್ತ ಮೊಮ್ಮಗನೊಡನೆ ಹೊರಟ ನಿವೃತ್ತ ಮೇಷ್ಟರು (ಪಾಪ, ನಕ್ಷೆಯನ್ನು ನಂಬುವ ತಲೆಮಾರಿನವರು) ನಿವಾಸಿಗಳ ಸಂಘದ ಕಾರ್ಯದರ್ಶಿಗಳನ್ನು ಸಂಧಿಸಿದರು.

ಮೇಷ್ಟರು: ಮೈದಾನವೆಲ್ಲಿ, ರಾಯರೆ?

ಕಾರ್ಯದರ್ಶಿ: ಎದುರಿಗೇ ಇದೆಯಲ್ಲ, ಆ ಸಮುದಾಯ ಭವನದ ಅಡಿಯಲ್ಲಿ!

ಮೇಷ್ಟರು: ಶಿವಶಿವಾ! ಕಿರಿಯರ ಕಬಡ್ಡಿ ಅಂಕಣಕ್ಕೆ 11 ಮೀಟರು ಉದ್ದ, 8 ಮೀಟರು ಅಗಲ ಸಾಕು. 30-40 ಅಡಿಯ ಒಂದು ನಿವೇಶನದಲ್ಲೇ ಅಡಗುತ್ತಿತ್ತು.

ಕಾರ್ಯದರ್ಶಿ: ಅದಕ್ಕೇ ಸ್ವಾಮಿ, ನಿವೇಶನವನ್ನಾಗಿಯೇ ಹಂಚಿದೆವು. ಮಿಕ್ಕ ಜಾಗದಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ್ದೇವೆ. ನೀರು ಬೇಡ, ಗೊಬ್ಬರ ಬೇಡ, ಗಂಟೆಗಿಷ್ಟೆಂದು ಬಾಡಿಗೆ ಮಾತ್ರ.

ಮೊಮ್ಮಗ: ತಾತ, ಅದನ್ನು ಯಾರೂ ಮೇಯುವುದಿಲ್ಲವೆ?

ಮೇಷ್ಟರು: ದನಗಳು ಮೇಯಲಾರವು, ಮಗು.

ಮೊಮ್ಮಗ: ಮಾಮ, ಓಟಕ್ಕೆ ಜಾಗ?

ಕಾರ್ಯದರ್ಶಿ: ಓಟಿನ ಕಾಲ ಬರಲಿ ಮರಿ, ಇನ್ನೊಂದು ಶಂಕುಸ್ಥಾಪನೆ ಇದ್ದೇ ಇದೆ.

ಮೇಷ್ಟರು: ಹಿಂದಿನ ಶಂಕುಸ್ಥಾಪನೆಯ ಕಲ್ಲು?

ಕಾರ್ಯದರ್ಶಿ: ಹುಡುಗರು ರಸ್ತೆಯ ನಡುವೆ ವಿಕೆಟ್ಟಾಗಿ ನಿಲ್ಲಿಸಿಕೊಂಡಿದ್ದಾರೆ. ಕ್ರೀಡೆಗೆ ನಾವೇನೂ ಕೊಟ್ಟಿಲ್ಲವೆಂದು ಹೇಗೆ ಹೇಳುತ್ತೀರಿ?