ಎಡಗೈಗೊಂದು, ಬಲಗೈಗೊಂದು

ಮಣಿಪಾಲದ ಹುಡುಗರಿಗೆ ಸೆಮಿಸ್ಟರ್ ಪರೀಕ್ಷೆಗಿಂತ ಕಠಿಣ ಪ್ರಶ್ನೆಯೊಂದಿದೆ: ಸೋವಾಜೋ, ಬ್ಲೂ ದ ಶನೆಲ್ಲೋ? ಎರಡೂ ಪ್ಯಾರಿಸಿನ ಹೆಸರಿನ ಸೆಂಟು, ಎರಡೂ ಕಡುನೀಲಿ ಬಾಟಲಿ, ಎರಡಕ್ಕೂ ಖಾರದ ಘಾಟು, ಮರದ ಕಂಪು. ಬೆಲೆಯಂತೂ ಮನೆಯಲ್ಲಿ ಹೇಳುವಂಥದ್ದಲ್ಲ ಮಾರಾಯ್ರೆ. ಟೈಗರ್ ಸರ್ಕಲ್‌ನಲ್ಲಿ ನಿಂತು ಒಮ್ಮೆ ಎಡ ಮಣಿಕಟ್ಟು, ಒಮ್ಮೆ ಬಲ ಮಣಿಕಟ್ಟು ಮೂಸುವವನನ್ನು ಕಂಡರೆ ನೆಗಡಿ ಅಂದುಕೊಳ್ಳಬೇಡಿ, ಸಂಶೋಧನೆ ನಡೆಯುತ್ತಿದೆ.

ಶನೆಲ್ಲಿನವ ಹಿರಿಯ. 2010ರಲ್ಲಿ ಜಾಕ್ ಪೋಲ್ಜ್ ಬೆರೆಸಿದ್ದು. ಶುಂಠಿ, ಪುದೀನ, ಧೂಪ, ತಳದಲ್ಲಿ ಗಂಧ. ಡಿಯೋರ್‌ನವರ ಈಗಿನ ಸೋವಾಜ್ 2015ರದ್ದು, ಫ್ರಾನ್ಸುವಾ ದಮಾಶಿಯ ಕೈಚಳಕ. ಅದರ ಘಾಟಿಗೆ ಸಿಚುವಾನ್ ಮೆಣಸು. ನನಗೆ ನಗು ಬಂದದ್ದೇ ಇಲ್ಲಿ. ಅದು ಕಾಳುಮೆಣಸಿನ ಕಡೆಯದಲ್ಲ, ನಮ್ಮ ತೆಪ್ಪಲಿನ ದಾಯಾದಿ! ಮುಳ್ಳುಮರದಿಂದ ಗೊಂಚಲು ಕೊಯ್ದು, ಬಿಸಿಲಿಗೆ ಹಾಕಿ, ಕರಿಬೀಜ ಬಿಸಾಡಿ, ಬರೀ ಸಿಪ್ಪೆಯನ್ನು ಬಂಗುಡೆ ಸಾರಿಗೆ ಜಜ್ಜಿ ಹಾಕುತ್ತಾರಲ್ಲ ಕೊಂಕಣಿ ಮನೆಗಳಲ್ಲಿ, ಅದೇ ಕುಲ. ಅಜ್ಜಿಯ ಡಬ್ಬಿಯ ವಾಸನೆಯ ನೆಂಟನಿಗೆ ಮೊಮ್ಮಗ ಸಾವಿರಗಟ್ಟಲೆ ತೆರುತ್ತಾನೆ.

ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ. ಅಲ್ಲಿ ಏಸಿ, ಇಲ್ಲಿ ಬೆವರು. ಬಿಸಿ ಮೈಮೇಲೆ ನಿಂಬೆ ಜಾತಿಯ ಹಗುರ ಪರಿಮಳವೆಲ್ಲ ಮೊದಲೇ ಹಾರಿಹೋಗುತ್ತದೆ. ಉಡುಪಿಯಲ್ಲಿ ಹಚ್ಚಿ, ಕಟಪಾಡಿ-ಶಿರ್ವ ದಾರಿಯ ಕಾರ್ಕಳ ಬಸ್ಸು ಹತ್ತಿ ನೋಡಿ. ಶಂಕರಪುರದಲ್ಲಿ ಮಲ್ಲಿಗೆಯ ಅಟ್ಟೆ ಒಳಗೆ ಬಂತೋ, ಪ್ಯಾರಿಸಿನ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಹೆಮ್ಮಾಡಿಯವರು ಎದ್ದು ಬರಬೇಡಿ, ನಿಮ್ಮ ಸೇವಂತಿಗೆಯ ಮೇಲೂ ಗೌರವವಿದೆ. ಕಾಪು ಕಡಲತೀರಕ್ಕಂತೂ ಎರಡೂ ದಂಡ. 1901ರಿಂದ ಬಂಡೆಯ ಮೇಲೆ ನಿಂತ ಆ ದೀಪಸ್ತಂಭದ ಬುಡದ ಗಾಳಿ ನಿಮ್ಮ ಘಮವನ್ನು ನೇರ ತೋಟಗಳಿಗೆ ಹೊತ್ತೊಯ್ಯುತ್ತದೆ. ತೆಂಗಿನಮರಗಳು ಮೆಚ್ಚಿಯಾವು.

ಹಾಗಾಗಿ ನೋಡಬೇಕಾದ್ದು ಮಧ್ಯಾಹ್ನಕ್ಕೆ ಅಂಗಿಯಲ್ಲಿ ಏನು ಉಳಿಯಿತು ಎಂದು. ಸೋವಾಜಿನಲ್ಲಿರುವ ಆಂಬ್ರೋಕ್ಸಾನ್ ಎಂಬ ಪರಿಮಳದ್ರವ್ಯ ಹಟಮಾರಿ, ನೀವು ಎದ್ದುಹೋದ ಮೇಲೂ ಕುರ್ಚಿಯಲ್ಲಿ ಕೂತಿರುತ್ತದೆ. ಬ್ಲೂ ಮೆತ್ತಗೆ ಮರಕ್ಕಿಳಿದು ದೇವರಕೋಣೆಯ ಪಕ್ಕ ಸುಳಿದಂತಿರುತ್ತದೆ. ನನ್ನ ಓಟು ಬ್ಲೂಗೆ, ಅದರಲ್ಲೂ ಹೆಣ್ಣು ನೋಡಲು ಕಾರ್ಕಳಕ್ಕೆ ಹೊರಟವನಿಗೆ. ಸೋವಾಜ್ ಸುರಿದುಕೊಂಡು ಹೋದರೆ ಭಾವೀ ಅತ್ತೆ ಮೂಗರಳಿಸಿ, "ತೆಪ್ಪಲ್ ತಂದಿರಾ? ಬಂಗುಡೆ ಎಲ್ಲುಂಟು?" ಅಂತ ಕೇಳಿಯಾರು.