ಮುಂದಿನ ತಿಂಗಳ ರಾಯರು

ದಾಂಡೇಲಿಯಲ್ಲಿ ಕಾಳೀನದಿಯ ಸೇತುವೆಯ ಕಡೆಗೆ ಬೆಳಗಿನ ವಾಯುವಿಹಾರಕ್ಕೆ ಹೊರಟವರ ನಡುವೆ, ವೈಶಾಖದ ಧಗೆಯಲ್ಲಿಯೂ ಬಲಗೆನ್ನೆಯನ್ನು ಒತ್ತಿ ಮಫ್ಲರ್ ಸುತ್ತಿಕೊಂಡು, ಎದುರಾದವರ ಕುಶಲಪ್ರಶ್ನೆಗೆ ತುಟಿಯ ಎಡಭಾಗವನ್ನು ಮಾತ್ರ ತೆರೆದು ಉತ್ತರ ಕೊಡುವ ವೃದ್ಧರೊಬ್ಬರು ಕಾಣಸಿಕ್ಕರೆ, ಅವರೇ ನಮ್ಮ ರಾಯರೆಂದು ನಿಸ್ಸಂದೇಹವಾಗಿ ತಿಳಿಯಬಹುದು. “ಹಲ್ಲು ತೋರಿಸಿದ್ರೇನ್ರಿ ರಾಯರ?” ಎಂದು ಯಾರಾದರೂ ಕೇಳಿದರೆ, “ಮುಂದಿನ ತಿಂಗಳ ನೋಡೋಣಂತ್ರಿ” ಎಂಬ ಉತ್ತರವು, ದೇವಸ್ಥಾನದ ಗಂಟೆಯ ನಾದದಂತೆ, ಎಳೆದೊಡನೆಯೇ ಹೊರಡುತ್ತದೆ. ಈ ಉತ್ತರವನ್ನು ನಾನು ಕೇಳತೊಡಗಿ ಒಂಬತ್ತು ವರ್ಷಗಳಾದುವು. ತಂದೆತಾಯಿಗಳು ಇಟ್ಟ ಹೆಸರನ್ನು ಊರು ಮರೆತು, ಅವರನ್ನು ‘ಮುಂದಿನ ತಿಂಗಳ ರಾಯರು’ ಎಂದು ಕರೆಯತೊಡಗಿದ್ದು ಹೀಗೆ.

ಇಷ್ಟರಿಂದಲೇ ಅವರನ್ನು ಕೃಪಣರೆಂದು ಭಾವಿಸಿದರೆ ಅನ್ಯಾಯವಾದೀತು. ಮಗಳ ಮದುವೆಯಲ್ಲಿ ಬೇಡವೆಂದು ಕೈ ಅಡ್ಡ ಹಿಡಿದವರ ಎಲೆಗೂ ಹೋಳಿಗೆ ಬಡಿಸಿದ ಧಾರಾಳಿ ಅವರು. ಕಣ್ಣಿಗೆ ಪೊರೆ ಬಂದಾಗ ವಾರದೊಳಗೆ ಹುಬ್ಬಳ್ಳಿಗೆ ಹೋಗಿ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದವರು. ಆದರೆ ಹಲ್ಲಿನ ಮಾತು ಬೇರೆ. ಕಾಗದದ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತೈದು ವರ್ಷ ಗುಮಾಸ್ತಗಿರಿ ಮಾಡಿದ ರಾಯರಿಗೆ ಸೃಷ್ಟಿಯೂ ಒಂದು ಉಗ್ರಾಣವಾಗಿಯೇ ತೋರುತ್ತದೆ. ಭಗವಂತನು ಹೃದಯವನ್ನು ಒಂದೇ ಕೊಟ್ಟಿದ್ದಾನೆ, ಕಣ್ಣುಗಳನ್ನು ಎರಡು ಕೊಟ್ಟಿದ್ದಾನೆ. ಹಲ್ಲುಗಳನ್ನು ಮಾತ್ರ ಮೂವತ್ತೆರಡು ಕೊಟ್ಟಿರುವನೆಂದ ಮೇಲೆ, ಅವುಗಳಲ್ಲಿ ಹತ್ತಿಪ್ಪತ್ತು ಸ್ಪೇರ್ ದಾಸ್ತಾನೇ ಆಗಿರಬೇಕೆಂಬುದು ಅವರ ಸಿದ್ಧಾಂತ.

ರಾಯರು ಮೂಲತಃ ಸೂಪಾದವರು. ಈಗಿನ ಜೋಯಿಡಾ ತಾಲ್ಲೂಕಿಗೆ ಹಿಂದೆ ತನ್ನ ಹೆಸರನ್ನೇ ಕೊಟ್ಟಿದ್ದ ಆ ಊರು, ಕಾಳಿಗೆ ಅಡ್ಡಲಾಗಿ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಯಿತು. ಅಲ್ಲಿಯ ಸಂಸಾರಗಳು ಎಷ್ಟೋ ರಾಮನಗರಕ್ಕೆ ಹೋದುವು, ರಾಯರದು ದಾಂಡೇಲಿಯಲ್ಲಿ ನೆಲೆನಿಂತಿತು. ಬಾಲ್ಯದಲ್ಲಿ ಹಾಲುಹಲ್ಲು ಬಿದ್ದಾಗಲೆಲ್ಲ ಅದನ್ನು ಸಗಣಿಯ ಉಂಡೆಯೊಳಗಿಟ್ಟು ಅಜ್ಜಿಯು ಹೆಂಚಿನ ಮಾಡಿನ ಮೇಲೆ ಎಸೆಯಿಸುತ್ತಿದ್ದಳಂತೆ. ಆ ಮನೆಯೂ ಮಾಡೂ ಈಗ ಜಲಾಶಯದ ತಳದಲ್ಲಿವೆ. “ನನ್ನ ಇಪ್ಪತ್ತು ಹಲ್ಲು ನೀರಾಗ ಅವ ನೋಡ್ರಿ, ಸರ್ಕಾರದವರು ಮನೀಗೆ ಪರಿಹಾರ ಕೊಟ್ರು, ಹೊಲಕ್ಕ ಕೊಟ್ರು, ಹಲ್ಲಿನ ಲೆಕ್ಕಾನ ಹಿಡೀಲಿಲ್ಲ” ಎಂದು ಅವರು ಹೇಳುವಾಗ, ಅದು ವಿನೋದವೋ ತಕರಾರೋ ಎಂದು ನಿರ್ಣಯಿಸುವುದು ನನಗೆ ಇಂದಿಗೂ ಸಾಧ್ಯವಾಗಿಲ್ಲ.

ಸರ್ಕಾರವು ಹಲ್ಲಿನ ಲೆಕ್ಕ ಹಿಡಿದೇ ಇಲ್ಲವೆಂದೇನೂ ಅಲ್ಲ; ಆ ಲೆಕ್ಕದಲ್ಲಿ ರಾಯರು ಸಿಕ್ಕುವುದಿಲ್ಲ, ಅಷ್ಟೆ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಗೆ ಅವರು ಸೇರಿದ ಹೊಸದರಲ್ಲಿ ಇ.ಎಸ್.ಐ. ಕಾರ್ಡು ಇತ್ತು, ಚಿಕಿತ್ಸೆ ಪುಕ್ಕಟೆಯಾಗಿತ್ತು; ಆದರೆ ಆಗ ಅವರು ಹಸಿ ಅಡಿಕೆಯನ್ನು ಹಲ್ಲಿನಿಂದಲೇ ಒಡೆಯುತ್ತಿದ್ದರು. ಸಂಬಳವು ಇ.ಎಸ್.ಐ. ಮಿತಿಯನ್ನು ದಾಟಿತು, ಕಾರ್ಡು ಕೈಬಿಟ್ಟಿತು, ಅಲ್ಲಿಗೆ ಒಸಡು ಬಾಯತೊಡಗಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ರಾಯರು ತಿದ್ದಿ, “ಹಲ್ಲಿದ್ದಾಗ ನೋವಿಲ್ಲ, ನೋವಿದ್ದಾಗ ಕಾರ್ಡಿಲ್ಲ” ಎಂದು ಮಾಡಿಕೊಂಡಿದ್ದಾರೆ. ಬಿ.ಪಿ.ಎಲ್. ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಡುವ ‘ದಂತಭಾಗ್ಯ’ವೆಂಬ ಯೋಜನೆ ಬಂದಾಗ ಅವರು ಉತ್ಸಾಹದಿಂದ ಎದ್ದು ಕುಳಿತದ್ದುಂಟು, ಪಡಿತರದ ಕಾರ್ಡನ್ನು ಹೊರತೆಗೆದು ನೋಡಿದರೆ ಅದು ಎ.ಪಿ.ಎಲ್. ಪುಣೆಯಲ್ಲಿ ಮಗ ನೌಕರಿಯಲ್ಲಿದ್ದಾನೆ, ತಲೆಯ ಮೇಲೆ ಸ್ವಂತ ಸ್ಲ್ಯಾಬಿದೆ. ಆದಕಾರಣ ಕಾಗದದ ಮೇಲೆ ಅವರು ಬಡವರಲ್ಲ. ಭವಿಷ್ಯನಿಧಿಯಿಂದ ತಿಂಗಳಿಗೆ ಬರುವ ಪಿಂಚಣಿ 2,300 ರೂಪಾಯಿ. ಕೆಲವರು ಮಾಡಿಸಿಕೊಳ್ಳುವ ಆರೋಗ್ಯವಿಮೆಯಾದರೋ, ಅಪಘಾತದಲ್ಲಿ ಮುರಿದದ್ದನ್ನು ಬಿಟ್ಟರೆ, ಸಾಮಾನ್ಯವಾಗಿ ಹಲ್ಲನ್ನು ಶರೀರದ ಅಂಗವೆಂದೇ ಎಣಿಸುವುದಿಲ್ಲ.

ಇನ್ನು ಆ ಪ್ರಸಿದ್ಧವಾದ ದವಡೆಹಲ್ಲಿನ ಚರಿತ್ರೆ. ಒಂಬತ್ತು ವರ್ಷಗಳ ಹಿಂದೆ ಅದರ ಮೇಲೆ ಎಳ್ಳುಕಾಳಿನಷ್ಟು ಕಪ್ಪುಚುಕ್ಕೆಯೊಂದು ಕಾಣಿಸಿಕೊಂಡಿತು. ಬ್ಯಾಂಕಿನ ಸಾಲದಲ್ಲಿ ಕುರ್ಚಿ ಕೊಂಡು ಆಗತಾನೆ ಬೋರ್ಡು ಹಾಕಿದ್ದ ತರುಣ ಡಾಕ್ಟರು ಅದನ್ನು ನೋಡಿ, ಕೆರೆದು ಸಿಮೆಂಟು ತುಂಬಿದರೆ ಸಾಕೆಂದೂ 600 ರೂಪಾಯಿ ಆಗುವುದೆಂದೂ ಹೇಳಿದರು. “ಎಳ್ಳಿನಷ್ಟು ತೂತಿಗೆ ಆರನೂರ? ಆರನೂರಕ್ಕ ಎರಡು ಚೀಲ ಸಿಮೆಂಟು ಬರ್ತದ, ನಮ್ಮ ಸ್ಲ್ಯಾಬು ಸೋರೋದರ ನಿಲ್ತದ” ಎಂದು ರಾಯರು ಎದ್ದು ಬಂದರು. ಹಲ್ಲಿನ ಮೇಲ್ಕವಚವು ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತುವಾದುದರಿಂದ ಹುಳುಕು ಅದನ್ನು ಕೊರೆಯಲು ವರ್ಷಗಳು ಬೇಕಾಗುತ್ತವೆ. ಒಳಗಿನ ಮೆದು ಭಾಗವನ್ನು ತಲುಪಿದ ಬಳಿಕ ಮಾತ್ರ ಅದಕ್ಕೆ ತಡೆಯಿಲ್ಲ. ಎರಡು ಮಳೆಗಾಲ ಕಳೆದು ಒಂದು ರಾತ್ರಿ, ಇಡೀ ಓಣಿಗೆ ಕೇಳಿಸುವಂತೆ ರಾಯರು ರಾಘವೇಂದ್ರಸ್ವಾಮಿಗಳನ್ನು ಕೂಗಿದರು. ಬೆಳಗಾದ ಮೇಲೆ ಡಾಕ್ಟರ ಬೆಲೆ 3,500ಕ್ಕೆ ಏರಿತ್ತು. ಅದಕ್ಕೆ ರೂಟ್ ಕೆನಾಲ್ ಎಂದು ಹೆಸರು. ರಾಯರು ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಇಟ್ಟರು, ಔಷಧದಂಗಡಿಯ ಹುಡುಗ ಕೊಟ್ಟ ಮಾತ್ರೆಗಳನ್ನು ನುಂಗಿದರು, ಹದಿನೆಂಟು ರಾತ್ರಿ ಜಾಗರಣೆ ಮಾಡಿದರು. ಹತ್ತೊಂಬತ್ತನೆಯ ರಾತ್ರಿ ನೋವು ತಾನಾಗಿ ಮಾಯವಾಯಿತು. ಮರುದಿನ ಓಣಿಗೆಲ್ಲ ಧಾರವಾಡದ ಪೇಡೆ ಹಂಚಿದರು. ನೋವು ಅಡಗಿದ್ದು ರೋಗ ವಾಸಿಯಾದುದರಿಂದಲ್ಲ, ಒಳಗಿನ ನರವು ಸತ್ತುದರಿಂದ ಎಂಬುದನ್ನು ಆ ಸಂಭ್ರಮದಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ, ಪೇಡೆಯೂ ಬಾಯಲ್ಲಿತ್ತು.

ಆರು ತಿಂಗಳಿಗೆ ಕೆನ್ನೆಯು ಚೌತಿಯ ಮೋದಕದಂತೆ ಊದಿಕೊಂಡು, ಬಲಗಣ್ಣು ಮುಚ್ಚಿಹೋದಾಗ, ಬೇರೆ ದಾರಿಯಿಲ್ಲದೆ ರಾಯರು ಕುರ್ಚಿಯ ಮೇಲೆ ಒರಗಿದರು. ಬೇರು ಶುದ್ಧಿಯಾಯಿತು, 3,500 ಸಂದಿತು. ಇನ್ನು ಇದರ ಮೇಲೆ 4,000ದ ಟೋಪಿಯೊಂದನ್ನು ಕೂಡಿಸಬೇಕು, ನರವಿಲ್ಲದ ಹಲ್ಲು ಒಣಕಟ್ಟಿಗೆಯಂತೆ ಸೀಳೀತು ಎಂದು ಡಾಕ್ಟರು ವಿವರಿಸಿದರೆ, ರಾಯರು ಬಾಯಿಯ ಹತ್ತಿಯನ್ನು ತೆಗೆದು, “ಡಾಕ್ಟರ, ಅರವತ್ತು ವರ್ಷ ಯಾರ ಕೈಲೂ ಟೋಪಿ ಹಾಕಿಸ್ಕೊಂಡಿಲ್ಲ, ನಿಮ್ಮ ಕೈಲೆ ಹಾಕಿಸ್ಕೊಳ್ಳೂದಿಲ್ಲ” ಎಂದರು. ಆ ದೀಪಾವಳಿಗೆ ಮಗಳು ಕಳಿಸಿದ ಚಕ್ಕುಲಿಯ ಎರಡನೆಯ ಸುತ್ತಿನಲ್ಲಿಯೇ ಹಲ್ಲು ನಡುವೆ ಸೀಳಿ ಎರಡಾಯಿತು. ಕೀಳಿಸಲು 300. ಕಿತ್ತ ಹಲ್ಲನ್ನು ಡಾಕ್ಟರು ಬಿಸಾಡಹೋದರೆ ರಾಯರು ತಡೆದು, ಅದು ಮೂರೂವರೆ ಸಾವಿರದ ಮಾಲೆಂದು ನೆನಪಿಸಿ, ಹೋಮಿಯೋಪಥಿ ಗುಳಿಗೆಯ ಖಾಲಿ ಶೀಶೆಯಲ್ಲಿ ಹಾಕಿಕೊಂಡು ಮನೆಗೆ ತಂದರು. ಎಸೆಯೋಣವೆಂದರೆ ಈಗಿನ ಮನೆಗೆ ಹೆಂಚಿಲ್ಲ. ದೇವರಮನೆಯ ಪಕ್ಕದ ಗೂಡಿನಲ್ಲಿ, ಪಂಚಾಂಗದ ಹಿಂದೆ, ಅದು ಇಂದಿಗೂ ಇದೆ. ಅಲುಗಾಡಿಸಿದರೆ ಎರಡು ಚೂರುಗಳ ಸದ್ದು ಕೇಳುತ್ತದೆ. ಆ ಖಾಲಿ ಜಾಗದಲ್ಲಿ ಸ್ಕ್ರೂ ಹಾಕಿ ಹೊಸ ಹಲ್ಲು ಕೂಡಿಸುವುದಕ್ಕೆ 25,000 ಎಂದಾಗ ರಾಯರು ಉತ್ತರಿಸಲಿಲ್ಲ, ನಕ್ಕರು. ಅವರ ನಗೆಯಲ್ಲಿ ಆ ಕಿಂಡಿಯನ್ನು ನಾನು ಮೊದಲಬಾರಿಗೆ ಕಂಡದ್ದು ಆಗ.

ಉಗ್ರಾಣದ ಅಭ್ಯಾಸ ಬಿಡಲೊಲ್ಲದು. ರಾಯರ ಜಮಾಖರ್ಚಿನ ಪುಸ್ತಕದಲ್ಲಿ ‘ದಂತ ಖಾತೆ’ಯೆಂಬ ಪುಟವೊಂದಿದ್ದು, ಅದರಲ್ಲಿ ಖರ್ಚಾದದ್ದು 3,800 ಎಂದೂ, ಸಿಮೆಂಟು ತುಂಬಿಸದೆ 600, ಟೋಪಿ ಹಾಕಿಸಿಕೊಳ್ಳದೆ 4,000, ಸ್ಕ್ರೂ ಕೂಡಿಸದೆ 25,000, ಒಟ್ಟು ಉಳಿತಾಯ 29,600 ಎಂದೂ ದುಂಡಾದ ಅಕ್ಷರಗಳಲ್ಲಿ ಬರೆದಿದೆ. ಈ ಪುಟವನ್ನು ಅವರು ನನಗೆ ಹೆಮ್ಮೆಯಿಂದ ತೋರಿಸುತ್ತಿದ್ದಾಗ ಚಹಾ ತಂದ ಅವರ ಮನೆಯವರು, “ಅದರಾಗ ನಂಗೊಂದು ಬಂಗಾರದ ಉಂಗುರ ಮಾಡಸ್ರಿ ಅಂದೀನಿ, ರೊಕ್ಕ ಎಲ್ಲೆ ಇಟ್ಟೀರಿ ಅಂತ ಹೇಳೋದೇ ಇಲ್ಲ” ಎಂದು ಕಪ್ಪುಬಸಿಯನ್ನು ಸ್ವಲ್ಪ ಜೋರಾಗಿಯೇ ಇಟ್ಟು ಒಳಗೆ ಹೋದರು.

ಡಾಕ್ಟರಿಗೆ ಕೊಡದ ಹಣದಲ್ಲಿ ಒಂದಂಶವನ್ನು ಅವರು ಸಂಶೋಧನೆಗೆ ವಿನಿಯೋಗಿಸಿದ್ದಾರೆ. ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿಯನ್ನು ತಮ್ಮ ತಂದೆಯವರು ಕಡೆಯವರೆಗೂ ಉಜ್ಜಿದ್ದರೆಂದು ಅದನ್ನು ಹುಡುಕಿ ಪೇಟೆಯೆಲ್ಲ ಅಲೆದರು. 1966ರಿಂದ ಟಿಬೆಟನ್ನರು ನೆಲೆಸಿರುವ ಮುಂಡಗೋಡಿಗೆ ಸೋದರಸೊಸೆಯ ಮನೆಗೆಂದು ಹೋದಾಗ, ಅವರ ಪಾರಂಪರಿಕ ಗುಳಿಗೆಗಳ ಕೀರ್ತಿಯನ್ನು ಕೇಳಿ ಕೊಂಡುಕೊಂಡರು. ಗೋಲಿಯಂತೆ ಗಟ್ಟಿಯಾದ ಆ ಗುಳಿಗೆಯನ್ನು ಹಲ್ಲಿನಿಂದ ಜಗಿದು ಬಿಸಿನೀರಿನೊಡನೆ ಸೇವಿಸತಕ್ಕದ್ದೆಂದು ತಿಳಿದದ್ದು ಮನೆಗೆ ಬಂದ ಮೇಲೆ. ಜೋಯಿಡಾದಲ್ಲಿ ಜನವರಿಯ ಗೆಡ್ಡೆಗೆಣಸಿನ ಮೇಳಕ್ಕೆ ಹೋದದ್ದೂ ಬೇರುಮದ್ದು ಬಲ್ಲ ಕುಣಬಿ ಹಿರಿಯರೊಬ್ಬರನ್ನು ಕಾಣುವುದಕ್ಕಾಗಿಯೇ. ಆ ಹಿರಿಯರು ರಾಯರ ಅಹವಾಲನ್ನೆಲ್ಲ ಸಾವಧಾನದಿಂದ ಕೇಳಿ, ತಮ್ಮ ಬಾಯನ್ನೂ ತೆರೆದು ತೋರಿಸಿ, ದಾಂಡೇಲಿಯಲ್ಲಿ ಒಳ್ಳೆಯ ಹಲ್ಲಿನ ಡಾಕ್ಟರು ಯಾರೆಂದು ವಿಚಾರಿಸಿದರಂತೆ. ರಾಯರು ಬೇಯಿಸಿದ ಗೆಣಸನ್ನು ಮೂರು ಕಿಲೋ ತಂದರು. ಅದಕ್ಕೆ ಹಲ್ಲು ಬೇಕಾಗಿಲ್ಲ.

ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ರೋಗಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ವರದಿ ಮಾಡಿದ್ದನ್ನು, ಹೆದರಿಯಾದರೂ ಹೋಗಲೆಂದು, ನಾನೇ ಅವರಿಗೆ ಓದಿ ಹೇಳಿದೆ. “ಅಷ್ಟು ಮಂದಿ ತಡ್ಕೊಂಡಾರಂದ್ರ ನಂದೇನ್ರಿ” ಎಂದುಬಿಟ್ಟರು.

ಒಂದು ದಿನ ಮಾತ್ರ ಅವರು ಸುಮ್ಮನಾದದ್ದನ್ನು ಕಂಡಿದ್ದೇನೆ. ಹಳಿಯಾಳದ ಕಡೆ ಕಬ್ಬಿನ ಕಟಾವು ನಡೆದಿದ್ದ ಕಾಲ. ಇನ್ನೊಂದು ಹಲ್ಲು ತಕರಾರು ಮಾಡಿತೆಂದು ಅವರೊಡನೆ ನಾನೂ ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಚೀಟಿಗೆ ಕೊಡುವುದು ಚಿಲ್ಲರೆ ಹಣ, ಹಲ್ಲು ಕೀಳುವುದು ಪುಕ್ಕಟೆ. ಉಳಿಸುವ ಕೆಲಸಕ್ಕೆ ಸಾಮಾನು ಬಂದಿರಲಿಲ್ಲ, ಬಂದಾಗ ಬನ್ನಿರೆಂದರು. ನಮ್ಮ ಮುಂದೆ ಇದ್ದವಳು ಕಬ್ಬು ಕಡಿಯುವ ಕೂಲಿಯವಳು, ಮೂವತ್ತು ದಾಟಿರಲಾರದು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ನಿಂತಿದ್ದಳು. ಒಂದು ಹಲ್ಲು ಪೂರ್ತಿ ಹೋಗಿದೆ, ಅದನ್ನು ತೆಗೆಯೋಣ. ಪಕ್ಕದ್ದು ಉಳಿಯುವಂಥದು, ನಾಲ್ಕು ಸಲ ಬಂದರೆ ಸರಿಮಾಡಬಹುದು ಎಂದು ಡಾಕ್ಟರು ಹೇಳಿದರು. ಅವಳು ಬೆರಳು ಮಡಿಚಿ ಏನನ್ನೋ ಎಣಿಸಿದಳು. “ನಾಕು ಸಲ ಬಂದ್ರ ನಾಕು ದಿನದ ಪಗಾರ ಹೊಕ್ಕೈತ್ರಿ. ಎರಡೂ ಕಿತ್ತಬಿಡ್ರಿ” ಎಂದಳು. ಡಾಕ್ಟರು ಮತ್ತೊಮ್ಮೆ ಹೇಳಿ ನೋಡಿ, ಸೂಜಿಯನ್ನು ಕೈಗೆತ್ತಿಕೊಂಡರು. ರಾಯರು ತಮ್ಮ ಸರದಿ ಬರುವ ಮೊದಲೇ ಎದ್ದು ಹೊರಗೆ ಬಂದು, ಬಸ್ ಸ್ಟ್ಯಾಂಡಿನವರೆಗೂ ಮಾತಾಡಲಿಲ್ಲ. ಎದುರಿಗೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನಿಂದ ಹುಡುಗರು ಜಲ್ಲೆ ಎಳೆದುಕೊಂಡು ಸಿಗಿಯುತ್ತ ಓಡಿದರು.

ಈ ಕಥೆಯಲ್ಲಿ ಲಾಭ ಪಡೆದವರು ಯಾರಾದರೂ ಇದ್ದರೆ ಅವರು ರಾಯರ ಮನೆಯವರು. ಹೆಂಗಸರಿಗೆ ಸಾರಿಗೆ ಬಸ್ಸಿನಲ್ಲಿ ಟಿಕೇಟು ಇಲ್ಲವೆಂಬ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದದ್ದೇ ತಡ, ಅವರು ನೆರೆಯ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಹಳಿಯಾಳದ ಮೇಲಿನಿಂದ ಧಾರವಾಡಕ್ಕೆ, ಅಲ್ಲಿಂದ ಸತ್ತೂರಿಗೆ ಹೊರಟುಬಿಟ್ಟರು. ಸತ್ತೂರಿನಲ್ಲಿ 1986ರಿಂದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜು ಇದೆ. ಇಂಥ ಕಾಲೇಜುಗಳಲ್ಲಿ ಗುರುಗಳ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಕೈಯಿಡುವುದರಿಂದ ಖರ್ಚು ಕಡಿಮೆ, ಹೊತ್ತು ಹೆಚ್ಚು. ಒಂದು ಹಲ್ಲಿಗೆ ಒಂದು ಮಧ್ಯಾಹ್ನವೇ ಹೋದೀತು. ಹೊತ್ತಿಗೇನು, ಬುತ್ತಿ ಕಟ್ಟಿಕೊಂಡು ಹೋದರು. ಐದು ಸಲ ಹೋಗಿಬಂದು ಹುಳುಕು ಹಲ್ಲುಗಳಿಗೆಲ್ಲ ಸಿಮೆಂಟು ತುಂಬಿಸಿಕೊಂಡು, ಈಗ ರಾಯರ ಎದುರಿಗೆ ಕುಳಿತು ಹುರಿದ ಶೇಂಗಾವನ್ನು ಸದ್ದಾಗುವಂತೆ ತಿನ್ನುತ್ತಾರೆ. ರಾಯರೂ ಹೋಗಬಹುದಾಗಿತ್ತು, ಆದರೆ 50 ಕಿಲೋಮೀಟರಿಗೂ ಮಿಕ್ಕ ದಾರಿಗೆ ಗಂಡಸಿಗೆ ಟಿಕೇಟು ಉಂಟು, ಐದು ಸಲದ ಹೋಗಿಬರುವ ಟಿಕೇಟನ್ನು ಲೆಕ್ಕಹಾಕಿದರೆ ‘ದಂತ ಖಾತೆ’ಯ ಉಳಿತಾಯ ಕರಗುತ್ತದೆ.

ಆದರೂ ಸರ್ಕಾರಿ ಆಸ್ಪತ್ರೆಯ ಆ ದಿನದ ಅನಂತರ ಅವರು ಲೆಕ್ಕದ ಪುಸ್ತಕವನ್ನು ನನಗೆ ತೋರಿಸಿಲ್ಲ. ಕಳೆದ ವಾರ ಸೇತುವೆಯ ಬಳಿ ಸಿಕ್ಕಿ, ನಾನು ಕೇಳುವ ಮೊದಲೇ, “ಸೋಮವಾರ ಹೊಂಟೀನ್ರಿ” ಎಂದರು. ತಿಂಗಳ ಮಾತೇ ಬರಲಿಲ್ಲ. ಬಾಯಲ್ಲಿ ಉಳಿದಿರುವುದು ಹದಿನೇಳು. ಓದುಗರಲ್ಲಿ ಯಾರಾದರೂ ಸೋಮವಾರ ಮುಂಜಾನೆ ದಾಂಡೇಲಿಯಿಂದ ಧಾರವಾಡದ ಬಸ್ಸು ಹತ್ತುವವರಿದ್ದರೆ, ಬಲಗೆನ್ನೆಗೆ ಮಫ್ಲರ್ ಸುತ್ತಿದ ಹಿರಿಯರಿಗೆ ಸೀಟು ಕೊಡಿ. ದಯಮಾಡಿ ಕಿಟಕಿಯ ಪಕ್ಕದ್ದು ಮಾತ್ರ ಬೇಡ, ತಣ್ಣನೆಯ ಗಾಳಿ ಹಲ್ಲಿಗೆ ತಾಕುತ್ತದೆ.